ಟಾಪು ತೆಗೆದ ಕಾರು

ಮೂವತ್ತೈದಕ್ಕೂ ಹೆಚ್ಚು ವರ್ಷ ಬೇರೆಯವರ ಕಾರುಗಳ ಸೊಟ್ಟ ತೆಗೆದು ನೆಟ್ಟಗೆ ಮಾಡಿದ ಮೇಲೆ, ಐವತ್ತೆಂಟನೆಯ ವಯಸ್ಸಿನಲ್ಲಿ, ತನಗೆಂದೇ ಒಂದು ಕಾರು ಕಟ್ಟಿಕೊಳ್ಳಬೇಕೆಂದು ಮೇಸ್ತ್ರಿ ನಿರ್ಧರಿಸಿದ. ಡೆಂಟಿಂಗ್ ಕೆಲಸದಲ್ಲಿ ಊರಿಗೆಲ್ಲ ಅವನದೇ ಮೇಲುಗೈ. ಗುದ್ದಿಸಿಕೊಂಡು ಬಂದ ಬಾಗಿಲ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಸಾಕು, ತಗಡು ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳಿಬಿಡುತ್ತಿದ್ದ. ಶೆಡ್ಡು ಮನೆಯ ಹಿಂದೆಯೇ ಇತ್ತು. ಅಡುಗೆಮನೆಯ ಕಿಟಕಿ ಅದರ ಕಡೆಗೇ ತೆರೆಯುತ್ತಿದ್ದುದರಿಂದ ಅವನ ಹೆಂಡತಿ ಸುತ್ತಿಗೆಯ ಸದ್ದಿನಲ್ಲೇ ಆ ದಿನದ ಕೆಲಸ ಎಂಥದ್ದೆಂದು ಗುರುತು ಹಿಡಿಯುತ್ತಿದ್ದಳು. ಇವತ್ತು ಯಾರೋ ಭರ್ಜರಿಯಾಗಿ ಗುದ್ದಿಸಿಕೊಂಡು ಬಂದ ಹಾಗಿದೆ ಎಂದು ಊಟಕ್ಕೆ ಬಡಿಸುತ್ತಾ ಅನ್ನುವಳು. ಅದು ಸರಿಯಾಗಿಯೇ ಇರುತ್ತಿತ್ತು.

ಅವನ ಕನಸು ಹಳೆಯದು. ಇಪ್ಪತ್ತೆರಡರ ಪ್ರಾಯದಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುವಾಗ ಯಾರೋ ಶ್ರೀಮಂತರ ಟಾಪಿಲ್ಲದ ಕಾರೊಂದರ ಮಡ್‌ಗಾರ್ಡ್ ಸರಿಮಾಡಿದ್ದ. ಎರಡೇ ಬಾಗಿಲು, ಉದ್ದನೆಯ ಬಾನೆಟ್ಟು, ಒಳಗೆ ಕೆಂಪು ಸೀಟು. ಕೆಲಸ ಮುಗಿದ ಮೇಲೆ ಅದನ್ನು ಶೆಡ್ಡಿನಿಂದ ಗೇಟಿನವರೆಗೆ ತಳ್ಳಿಕೊಂಡು ಹೋಗಿದ್ದ. ಅದನ್ನು ಓಡಿಸುವ ಭಾಗ್ಯ ಅವನಿಗೆ ಅಷ್ಟೇ ಇತ್ತು. ಅಂಥದ್ದನ್ನು ಕೊಳ್ಳುವುದು ಈ ಜನ್ಮದ ಮಾತಲ್ಲ ಎಂದು ಗೊತ್ತಿತ್ತು. ಆದರೆ ಕೈಯಲ್ಲಿ ವಿದ್ಯೆ ಇತ್ತು. ಅದೇ ಕಾಲದ ನಾಲ್ಕು ಬಾಗಿಲಿನ ಕಾರೊಂದು ಸಿಕ್ಕರೆ ಟಾಪು ತೆಗೆದು, ಹಿಂದಿನ ಬಾಗಿಲುಗಳನ್ನು ಬೆಸೆದು ಮುಚ್ಚಿ, ತಾನೇ ಒಂದು ಓಪನ್ ಕಾರು ಮಾಡಿಕೊಳ್ಳಬಹುದು ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದ್ದ. ಹಳೇ ಕ್ಯಾಲೆಂಡರಿನ ಬೆನ್ನಿನ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದಿಟ್ಟಿದ್ದ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ," ಎಂದ ಅವನ ಜೊತೆಗಾರ ಪೇಂಟರು. "ನಿನಗಿನ್ನೂ ನಾಲ್ಕು ಹಲ್ಲು ಉಳಿದಿವೆ. ಶುರುಮಾಡು."

ಕಾರು ಹುಡುಕುವುದಕ್ಕೇ ಆರು ತಿಂಗಳು ಹಿಡಿಯಿತು. ಅದಕ್ಕೆ ಕಾರಣ ಮೇಸ್ತ್ರಿಯ ಕಣ್ಣು. ಯಾವುದೂ ಅದಕ್ಕೆ ಒಪ್ಪುತ್ತಿರಲಿಲ್ಲ. ಊರಾಚೆಯ ತೋಟವೊಂದರಲ್ಲಿ ಒಂದಿದೆ ಎಂದು ಕೇಳಿ ಹೋದರೆ, ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ನೆಲದ ತಗಡು ಪೂರಾ ಹೋಗಿ ಹುಲ್ಲು ಒಳಗೇ ಬೆಳೆದಿತ್ತು. ಕಾರಿಗಿಂತ ಕೋಳಿಯೇ ಗಟ್ಟಿಮುಟ್ಟಾಗಿದೆ ಎಂದು ಪೇಂಟರು ನಕ್ಕ. ಎರಡನೆಯದು ವಕೀಲರೊಬ್ಬರ ಮನೆಯದು. ಹೊರಗಿನಿಂದ ನೋಡಿದರೆ ಮುಖ ಕಾಣುವಷ್ಟು ಹೊಳಪು. ಮೇಸ್ತ್ರಿ ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಬಾಗಿಲಿಗೆ ಹಿಡಿದ. ಅದು ಅಂಟಲಿಲ್ಲ. ಇನ್ನೊಂದು ಕಡೆ ಹಿಡಿದ. ಅಲ್ಲೂ ಅಂಟಲಿಲ್ಲ. ತಗಡಿನ ಜಾಗದಲ್ಲೆಲ್ಲ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಮೇಲೆ ಥಳಕು, ಒಳಗೆ ಹುಳುಕು ಎಂದುಕೊಂಡು ವಕೀಲರಿಗೆ ಕೈಮುಗಿದು ಬಂದ.

ಮೂರನೆಯದು ಡ್ರೈವಿಂಗ್ ಟೀಚರಮ್ಮನ ಕಾರು. ಆಕೆ ಒಂದು ಕಾಲದಲ್ಲಿ ಊರಿನ ಹೆಂಗಸರಿಗೆಲ್ಲ ಕಾರು ಕಲಿಸಿದವರು. ಈಗ ಎಂಬತ್ತರ ಹತ್ತಿರ, ಕಣ್ಣು ಮಂಜಾಗಿ ಮನೆಯಿಂದ ಹೊರಗೆ ಬರುವುದೇ ಕಡಿಮೆ. ಕಾರನ್ನು ಕೊಡುತ್ತಾರಂತೆ ಎಂದು ರಾತ್ರಿ ಊಟದ ಹೊತ್ತಿಗೆ ಮೇಸ್ತ್ರಿ ಹೇಳಿದಾಗ ಹೆಂಡತಿ, "ನಾನೂ ಬರ್ತೀನಿ," ಎಂದಳು. ಅವನಿಗೆ ಆಶ್ಚರ್ಯವಾಯಿತು. ಹಿಂದಿನ ಎರಡು ಕಾರುಗಳ ವಿಷಯದಲ್ಲಿ ಅವಳು ಹೂಂ ಅಂದದ್ದೂ ಇಲ್ಲ, ಊಹೂಂ ಅಂದದ್ದೂ ಇಲ್ಲ.

ಕಾರು ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ ನಿಂತಿತ್ತು. ಬೂದಿ ಬಣ್ಣ, ಬಿಳಿ ಟಾಪು. ಮೇಸ್ತ್ರಿ ಸುತ್ತು ಹಾಕಿದ, ಕೆಳಗೆ ಮಲಗಿ ನೋಡಿದ, ಅಂಗೈ ಆಡಿಸಿದ. ಅಯಸ್ಕಾಂತ ಹಿಡಿದಲ್ಲೆಲ್ಲ ಟಕ್ಕೆಂದು ಕಚ್ಚಿತು. ಪಕ್ಕದ ಸೀಟಿನ ಮುಂದೆ, ಕಲಿಸುವವರ ಕಾಲಿಗೆಂದು ಇನ್ನೊಂದು ಬ್ರೇಕು ಜೋಡಿಸಿದ್ದರು. ಅದೊಂದನ್ನು ಬಿಟ್ಟರೆ ಕಾರ್ಖಾನೆಯಿಂದ ಬಂದ ಹಾಗೇ ಇತ್ತು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಹೋಗುವ ಗೆರೆಯನ್ನು ನೋಡುತ್ತಾ ನಿಂತ ಮೇಸ್ತ್ರಿಯ ಕಣ್ಣಿಗೆ ಟಾಪು ಆಗಲೇ ಮಾಯವಾಗಿತ್ತು. ಇದೇ ಅದು ಎಂದುಕೊಂಡ.

ಅವನು ತಿರುಗಿ ನೋಡಿದಾಗ ಹೆಂಡತಿ ಡ್ರೈವರ್ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಇದನ್ನೇ ತಗೊಳ್ಳಿ," ಎಂದಳು.

ಮೂವತ್ತು ವರ್ಷದ ಸಂಸಾರದಲ್ಲಿ ತನ್ನ ಹುಚ್ಚು ಇವಳಿಗೆ ಮೊದಲ ಸಲ ಅಂಟಿಕೊಂಡಿತು ಎಂದು ಮೇಸ್ತ್ರಿಗೆ ಖುಷಿಯಾಯಿತು. ಯಾಕೆ ಎಂದು ಕೇಳಲಿಲ್ಲ.

ಟೀಚರಮ್ಮ ಒಳಗೆ ಕೂರಿಸಿ, ಪರೀಕ್ಷೆಗೆ ಬಂದವನನ್ನು ಕೇಳುವ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು. ಶೆಡ್ಡು ಎಲ್ಲಿ, ಮಾಡು ಸೋರುತ್ತದೆಯೇ, ಗಾಡಿಯನ್ನು ಯಾರು ಓಡಿಸುವವರು. ಆಮೇಲೆ ಹೇಳಿದರು: "ಇಬ್ಬರು ಬಂದು ಹೋದರು. ಒಬ್ಬನಿಗೆ ಇಂಜಿನ್ ಮಾತ್ರ ಬೇಕಂತೆ. ಇನ್ನೊಬ್ಬ ಅದನ್ನ ಕತ್ತರಿಸಿ ಏನೋ ಮಾಡ್ತೀನಿ ಅಂದ. ಇಬ್ಬರನ್ನೂ ಗೇಟಿಂದಲೇ ಕಳಿಸಿದೆ. ನೀವೇನು ಮಾಡ್ತೀರಿ?"

"ಇದ್ದ ಹಾಗೇ ಇಟ್ಕೊಳ್ತೀನಿ ಟೀಚರಮ್ಮ," ಎಂದ ಮೇಸ್ತ್ರಿ. "ಒಂದಿಷ್ಟು ತುಕ್ಕು ತೆಗೀಬೇಕು, ಅಷ್ಟೇ."

ಮಾತು ಬಾಯಿಂದ ಜಾರಿಬಿಟ್ಟಿತು. ಎಲ್ಲಿ ಈ ಕಾರೂ ಕೈತಪ್ಪುತ್ತದೋ ಎಂಬ ಗಾಬರಿಯಲ್ಲಿ ಆಡಿದ ಮಾತು. ಆ ಗಳಿಗೆಯಲ್ಲಿ ಅವನಿಗೇ ಅದು ನಿಜವೆನ್ನಿಸಿತ್ತು. ಹೊರಡುವಾಗ ಟೀಚರಮ್ಮ ಅವನ ಹೆಂಡತಿಯ ಕೈ ಹಿಡಿದು, ನಿನ್ನ ದನಿ ಎಲ್ಲೋ ಕೇಳಿದ್ದೀನಲ್ಲ ಎಂದರು. ಊರು ಸಣ್ಣದು ಟೀಚರ್, ಎಲ್ಲಾದರೂ ಕೇಳಿರ್ತೀರಿ ಎಂದು ಅವಳು ನಕ್ಕಳು. ಮೇಸ್ತ್ರಿ ಆಗಲೇ ಕಾರಿನ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

ಗಾಡಿಯನ್ನು ಸಂಜೆ ಬಂದು ಒಯ್ಯುವುದೆಂದು ಮಾತಾಗಿತ್ತು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ, "ಒಳ್ಳೇ ಮಾತು ಹೇಳಿದ್ರಿ," ಎಂದಳು. ತಾನು ಚೌಕಾಸಿ ಮಾಡದೆ ಒಪ್ಪಿಕೊಂಡದ್ದನ್ನು ಹೇಳುತ್ತಿದ್ದಾಳೆ ಎಂದುಕೊಂಡು ಅವನು ತಲೆಯಾಡಿಸಿದ.

ಮೂರು ವಾರ ಕಾರು ಶೆಡ್ಡಿನಲ್ಲಿ ಇಡಿಯಾಗಿಯೇ ನಿಂತಿತ್ತು. ಹೆಂಡತಿ ತಾನೇ ಬಕೆಟ್ಟು ಹಿಡಿದು ಬಂದು ಅದನ್ನು ತೊಳೆದಳು, ಗಾಜು ಒರೆಸಿದಳು, ಸೀಟಿನ ಸಂದಿಯಲ್ಲಿ ಸಿಕ್ಕ ಹೇರ್‌ಪಿನ್ನುಗಳನ್ನು ಒಂದು ಡಬ್ಬಿಗೆ ಹಾಕಿದಳು. ಒಂದು ಮಧ್ಯಾಹ್ನ ಮೇಸ್ತ್ರಿ ಹೊರಗಿನಿಂದ ಬಂದಾಗ ಅವಳು ಸ್ಟಿಯರಿಂಗಿನ ಹಿಂದೆ ಕೂತು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದಳು.

"ಎಲ್ಲಿಗೆ ಹೊರಟಿತು ಸವಾರಿ?" ಎಂದು ನಕ್ಕ.

ಅವಳು ಇಳಿದಳು. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ, ಒಂದು ದಿನ ನಾನು ಓಡಿಸಲಾ ಎಂದು ಕೇಳಿದಳು. ಮೊದಲು ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದ. ಆಮೇಲೆ ಎಂಬುದು ಅವನ ಬಾಯಲ್ಲಿ ಸುಲಭವಾಗಿ ಬರುತ್ತಿದ್ದ ಮಾತು. ಅವಳು ಮತ್ತೆ ಕೇಳಲಿಲ್ಲ.

ಪೆನ್ಸಿಲಿನ ಚಿತ್ರ ಅಷ್ಟರಲ್ಲಿ ಗೋಡೆಗೆ ಬಂದಿತ್ತು. ಮೇಸ್ತ್ರಿ ಕಾರಿನ ಕಡೆ ನೋಡುವನು, ಚಿತ್ರದ ಕಡೆ ನೋಡುವನು. ಹಸಿದವನ ಮುಂದೆ ಎಲೆ ಹಾಕಿ ಬಡಿಸದೆ ನಿಲ್ಲಿಸಿದ ಹಾಗಾಗಿತ್ತು ಅವನ ಸ್ಥಿತಿ. ಟೀಚರಮ್ಮನಿಗೆ ಕೊಟ್ಟ ಮಾತು ನೆನಪಿಗೆ ಬರುತ್ತಿರಲಿಲ್ಲವೆಂದಲ್ಲ. ಆದರೆ ಆಕೆ ಮನೆ ಬಿಟ್ಟು ಬರುವವರಲ್ಲ, ಬಂದರೂ ಕಣ್ಣು ಕಾಣುವುದಿಲ್ಲ, ದುಡ್ಡು ಕೊಟ್ಟು ತಂದ ಮೇಲೆ ಗಾಡಿ ತನ್ನದು. ಹೀಗೆ ತನಗೆ ತಾನೇ ವಕಾಲತ್ತು ಮಾಡಿಕೊಂಡ. ಎದುರು ವಾದಿಸುವವರು ಯಾರೂ ಇರಲಿಲ್ಲವಾದ್ದರಿಂದ ಗೆದ್ದ.

ಹೆಂಡತಿಯ ತಂಗಿ ಕಾಲು ಮುರಿದುಕೊಂಡಳು. ಅವಳನ್ನು ನೋಡಿಕೊಳ್ಳಲು ಹೆಂಡತಿ ನಾಲ್ಕು ದಿನಕ್ಕೆಂದು ಹೋದಳು. ಎರಡನೆಯ ದಿನ ಬೆಳಿಗ್ಗೆ ಮೇಸ್ತ್ರಿ ಪೇಂಟರನ್ನು ಕರೆಸಿದ. ಬಾಗಿಲ ಚೌಕಟ್ಟುಗಳು ಬಾಗದಂತೆ ಒಳಗೆ ಅಡ್ಡಡ್ಡ ಕಬ್ಬಿಣದ ಆಂಗಲ್ ಬೆಸೆದ. ಸೀಮೆಸುಣ್ಣದಲ್ಲಿ ಗೆರೆ ಎಳೆದ. ಗ್ರೈಂಡರು ಕೈಗೆ ತೆಗೆದುಕೊಂಡಾಗ ಪೇಂಟರು, ಮನೆಯಲ್ಲಿ ಹೇಳಿದ್ದೀಯಾ ಎಂದು ಕೇಳಿದ. ತಗಡಿನ ಕೆಲಸಕ್ಕೆ ಮನೆಯಲ್ಲಿ ಕೇಳುವುದೇನು ಎಂದ ಮೇಸ್ತ್ರಿ. ಪೇಂಟರು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಕಿಡಿ ಹಾರಿತು. ಟಾಪು ಹೊತ್ತ ಒಂದೊಂದೇ ಕಂಬ ಬಿಡಿಸಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಆಚೆ ಈಚೆ ನಿಂತು ಎತ್ತಿದರೆ ಟಾಪು ಹಗುರಾಗಿ ಎದ್ದು ಬಂತು. ಅದರ ಒಳಬದಿಯ ತಗಡಿನಲ್ಲಿ ಒಂದು ಚುಕ್ಕಿ ತುಕ್ಕೂ ಇರಲಿಲ್ಲ. ಮರುದಿನ ಗುಜರಿಯವನ ಗಾಡಿಗೆ ಹಿಡಿಸಲಿಲ್ಲವೆಂದು ಅದನ್ನು ಮೂರು ತುಂಡು ಮಾಡಿ ಕೊಟ್ಟ. ಪಕ್ಕದ ಸೀಟಿನ ಬ್ರೇಕನ್ನೂ ಬಿಚ್ಚಿ ಅದರ ಜೊತೆಗೇ ಹಾಕಿದ.

ಹೆಂಡತಿ ಬಂದವಳು ಚೀಲವನ್ನು ಒಳಗಿಟ್ಟು, ಕಾಲಿಗೆ ನೀರು ಹಾಕಿಕೊಂಡು, ನೇರವಾಗಿ ಶೆಡ್ಡಿಗೆ ಬಂದಳು. ಸ್ವಲ್ಪ ಹೊತ್ತು ನಿಂತಳು. ಮೇಸ್ತ್ರಿ ಉತ್ಸಾಹದಿಂದ ವಿವರಿಸುತ್ತಿದ್ದ, ಇಲ್ಲಿ ಹೀಗೆ ಬರುತ್ತದೆ, ಅಲ್ಲಿ ಬಟ್ಟೆಯ ಟಾಪು ಹಾಗೆ ಮಡಚಿಕೊಳ್ಳುತ್ತದೆ ಎಂದು.

"ಟೀಚರಿಗೆ ಏನು ಹೇಳಿದ್ರಿ ನೀವು?" ಎಂದಳು ಅವಳು.

"ಅವರೇನು ಬಂದು ನೋಡ್ತಾರಾ?"

"ನಾನು ಅಲ್ಲೇ ನಿಂತಿದ್ದೆ."

ಅವನು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟ. ಆಗ ಅವಳು ದನಿ ಏರಿಸದೆ, ಯಾರದೋ ಕತೆ ಹೇಳುವ ಹಾಗೆ ಹೇಳಿದಳು. ಮದುವೆಗೆ ಮುಂಚಿನ ವರ್ಷ ಈ ಕಾರಿನಲ್ಲೇ ಅವಳು ಓಡಿಸುವುದನ್ನು ಕಲಿತಿದ್ದಳು. ಇದರಲ್ಲೇ ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದಿದ್ದಳು. ಮದುವೆಯಾದ ಹೊಸದರಲ್ಲಿ ಅದನ್ನು ಅವನಿಗೆ ತೋರಿಸಿಯೂ ಇದ್ದಳು. ಒಂದು ದಿನ, ರಿಪೇರಿಯಾದ ಕಾರೊಂದನ್ನು ರಸ್ತೆಗೆ ತಾನು ತೆಗೆದು ನಿಲ್ಲಿಸಲೇ ಎಂದು ಕೇಳಿದ್ದಕ್ಕೆ ಅವನು ಗ್ಯಾರೇಜಿನವರೆಲ್ಲರ ಎದುರಿಗೆ, ಬೇಡ ಕಣೇ, ಇರೋ ಗಿರಾಕಿಗಳೇ ಸಾಕು, ನೀನು ಗುದ್ದಿ ಹೊಸಬರನ್ನ ತಯಾರು ಮಾಡ್ಬೇಡ ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

"ನೀವು ಮಗಳಿಗೆ ಕಲಿಸುವಾಗ ನಾನು ಹಿಂದಿನ ಸೀಟಲ್ಲಿ ಕೂತಿದ್ದೆ," ಎಂದಳು. "ಅವಳು ಗೇರು ತಪ್ಪಿಸಿದಾಗೆಲ್ಲ ನನ್ನ ಕಾಲು ತಾನಾಗೇ ಕ್ಲಚ್ ತುಳೀತಿತ್ತು."

ಮೇಸ್ತ್ರಿ ನೆನಪು ಮಾಡಿಕೊಳ್ಳಲು ನೋಡಿದ. ಆ ತಮಾಷೆಯೂ ನೆನಪಿಗೆ ಬರಲಿಲ್ಲ, ಆ ಲೈಸೆನ್ಸೂ ನೆನಪಿಗೆ ಬರಲಿಲ್ಲ. ಬಂದಿದ್ದರೆ ಇಲ್ಲವೆನ್ನಬಹುದಿತ್ತು, ಹಾಗಲ್ಲವೆಂದು ಜಗಳವಾಡಬಹುದಿತ್ತು. ಅವಳು ಮೂವತ್ತು ವರ್ಷ ಒಳಗೇ ಇಟ್ಟುಕೊಂಡದ್ದು ಅವನ ಪಾಲಿಗೆ ನಡೆದೇ ಇರಲಿಲ್ಲ. ಅವನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟ. ಅವಳು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.

ಮರುದಿನ ಬೆಳಗಾಗುತ್ತಲೇ ಗುಜರಿಯವನ ಹತ್ತಿರ ಓಡಿದ. ತುಂಡುಗಳು ಆಗಲೇ ಬೇರೆ ತಗಡಿನ ಜೊತೆ ಸೇರಿ ಒತ್ತಿ ಮೂಟೆಯಾಗಿದ್ದವು. ಇಂಥದ್ದೇ ಇನ್ನೊಂದು ಕಾರಿನ ಟಾಪಾದರೂ ಸಿಕ್ಕೀತೇ ಎಂದು ವಾರಗಟ್ಟಲೆ ತಿರುಗಿದ, ಕಂಡವರಿಗೆಲ್ಲ ಫೋನು ಮಾಡಿದ. ಅಂಥ ಕಾರು ಸುತ್ತಮುತ್ತ ಉಳಿದಿದ್ದದ್ದು ಒಂದೇ, ಅದನ್ನು ತಾನೇ ಕತ್ತರಿಸಿದ್ದ ಎಂದು ಕೊನೆಗೆ ಖಾತ್ರಿಯಾಯಿತು.

"ಸಿಟ್ಟಲ್ಲಿ ಕೊಯ್ದ ಮೂಗೇ ಶಾಂತ ಆದ್ಮೇಲೆ ಬರಲ್ಲ," ಎಂದ ಪೇಂಟರು. "ನಾವು ಅಳತೆ ಹಾಕಿ ಕೊಯ್ದಿದ್ದೀವಿ ಕಣಯ್ಯ."

ಅರ್ಧ ಕತ್ತರಿಸಿದ ಕಾರನ್ನು ಹಾಗೇ ಬಿಡುವಂತಿರಲಿಲ್ಲ. ಟಾಪು ಹೋದ ಮೇಲೆ ಒಡಲು ನಡುವೆ ಕುಸಿದು ಬಾಗಿಲುಗಳು ಮುಚ್ಚಿಕೊಳ್ಳುತ್ತಿರಲಿಲ್ಲ. ಕೆಳಗಿನಿಂದ ಉಕ್ಕು ಕೊಟ್ಟು ಬಲಪಡಿಸಿದ. ಹಿಂದಿನ ಬಾಗಿಲುಗಳನ್ನು ಬೆಸೆದು, ತಟ್ಟಿ, ಉಜ್ಜಿ, ಅಲ್ಲಿ ಬಾಗಿಲಿತ್ತೆಂದು ಅವನ ಅಂಗೈಗೇ ತಿಳಿಯದ ಹಾಗೆ ಮಾಡಿದ. ಒಂದು ವರ್ಷ ಹಿಡಿಯಿತು. ಅದು ಅವನ ಜೀವಮಾನದ ಅತ್ಯುತ್ತಮ ಕೆಲಸವಾಗಿತ್ತು. ಕೆಲಸ ಮಾಡುವಾಗ ಒಂದೊಂದು ಗಳಿಗೆ ಎಲ್ಲವನ್ನೂ ಮರೆತು ಶಿಳ್ಳೆ ಹಾಕುತ್ತಿದ್ದ. ಆಮೇಲೆ ತೆರೆದ ಕಿಟಕಿಯ ಕಡೆ ಕಣ್ಣು ಹೋಗಿ ನಿಲ್ಲಿಸುತ್ತಿದ್ದ. ಹೆಂಡತಿ ಮುನಿಸಿಕೊಂಡು ಕೂರಲಿಲ್ಲ. ಊಟ, ಕಾಫಿ, ಮಾತು ಎಲ್ಲ ಮೊದಲಿನಂತೆಯೇ ನಡೆಯಿತು. ಇವತ್ತು ಏನು ಕೆಲಸ ಎಂದು ಸದ್ದಿನಿಂದ ಹೇಳುವುದನ್ನು ಮಾತ್ರ ಬಿಟ್ಟಿದ್ದಳು.

ಪೇಂಟರು ಕಡುಗೆಂಪು ಬಣ್ಣ ಹೊಡೆದ. ಹಳೇ ಕಾರುಗಳ ಪ್ರದರ್ಶನಕ್ಕೆ ಒಯ್ದರೆ ಜನ ಮುತ್ತಿಕೊಂಡರು. ಪತ್ರಿಕೆಯವರು ಚಿತ್ರ ತೆಗೆದು ಹಾಕಿದರು. ಚಿತ್ರದಲ್ಲಿ ಮೇಸ್ತ್ರಿ ಬಾನೆಟ್ಟಿಗೆ ಒರಗಿ ನಿಂತಿದ್ದ. ಹೆಂಡತಿ ಮನೆಯಲ್ಲಿದ್ದಳು.

ಮೂರು ದಿನದ ಮೇಲೆ ಟೀಚರಮ್ಮನ ಮನೆಯಿಂದ ಫೋನು ಬಂತು. ಅವರ ತಂಗಿಯ ಮಗಳು, ದೊಡ್ಡಮ್ಮ ಒಂದು ಸಲ ಬಂದು ಹೋಗಲು ಹೇಳುತ್ತಿದ್ದಾರೆ ಎಂದಳು. ಮೇಸ್ತ್ರಿ ನಡೆದೇ ಹೋದ. ಟೀಚರಮ್ಮ ಕಿಟಕಿಯ ಪಕ್ಕ ಕೂತಿದ್ದರು. ಕಣ್ಣು ಈಗ ಪೂರಾ ಹೋಗಿತ್ತು, ದನಿ ಬಂದ ಕಡೆ ಮುಖ ತಿರುಗಿಸುತ್ತಿದ್ದರು.

"ಟಾಪು ತೆಗೆದಿದ್ದೀರಂತೆ. ಇವಳು ಪೇಪರ್ ಓದಿದಳು."

"ಹೌದು."

"ತುಕ್ಕು ಹಿಡಿದಿತ್ತಾ?"

ಹೌದು ಎನ್ನುವುದಕ್ಕೆ ಅವರೇ ದಾರಿ ಮಾಡಿಕೊಟ್ಟಿದ್ದರು. ನಾಲಗೆಯ ತುದಿಗೆ ಬಂದಿತ್ತು. "ಇಲ್ಲ ಟೀಚರಮ್ಮ," ಎಂದ ಮೇಸ್ತ್ರಿ. "ಚೆನ್ನಾಗೇ ಇತ್ತು. ನನಗೆ ಬೇಕಿತ್ತು ಅಂತ ತೆಗೆದೆ. ನಿಮಗೆ ಸುಳ್ಳು ಹೇಳಿದೆ."

ಟೀಚರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ನಿಮ್ಮ ಮಾತು ನಂಬಿ ಕೊಟ್ಟೆ ಅಂದ್ಕೊಂಡ್ರಾ?" ಎಂದರು. "ಗಾಡಿ ಕೊಳ್ಳೋಕೆ ಬರೋರು ಬಾಯಿಗೆ ಬಂದದ್ದು ಹೇಳ್ತಾರೆ. ನಾನು ಕೊಟ್ಟಿದ್ದು ಆ ಹುಡುಗಿಗೆ. ನೀವು ಹೋದ ಮೇಲೆ ದನಿ ನೆನಪಾಯ್ತು. ನನ್ನ ಹತ್ರ ಕಲಿತವಳು. ಬೇರೆಯವರೆಲ್ಲ ಸ್ಟಿಯರಿಂಗ್‌ನ ಕುತ್ತಿಗೆ ಹಿಸುಕೋ ಹಾಗೆ ಹಿಡೀತಿದ್ರು. ಅವಳಿಗೆ ಮಾತ್ರ ಹಗುರ ಕೈ. ಸಂಜೆ ನೀವು ಗಾಡಿ ತಗೊಂಡು ಹೋಗೋಕೆ ಬಂದಾಗ ಬೇಡ ಅನ್ನೋಣ ಅಂತಿದ್ದೆ. ಅವಳು ಓಡಿಸ್ತಾಳಲ್ಲ ಅಂತ ಕೊಟ್ಟೆ."

ಮೇಸ್ತ್ರಿ ತನ್ನ ಕೈಗಳನ್ನು ನೋಡಿಕೊಂಡು ನಿಂತ.

"ಓಡಿಸಿದಳಾ?"

"ಇಲ್ಲ."

"ಒಂದು ಸಲಾನೂ?"

"ಇಲ್ಲ ಟೀಚರಮ್ಮ."

ಬಾಗಿಲು ಎಳೆದುಕೊಂಡು ಹೋಗಿ, ಬೆಕ್ಕು ಒಳಗೆ ಬರುತ್ತದೆ ಎಂದರು ಟೀಚರಮ್ಮ.

ಮನೆಗೆ ಬಂದು ಅವನು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ, ಒಂದು ಮಾತನ್ನೂ ಬಚ್ಚಿಡಲಿಲ್ಲ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು, "ಗುರುತು ಹಿಡಿದಿದ್ರಾ ನನ್ನ?" ಎಂದಳು. ಅವಳ ಮುಖ ಅರಳಿತು. ಅಷ್ಟು ಅರಳಿದ್ದನ್ನು ಅವನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಅದರಲ್ಲಿ ತನ್ನ ಪಾಲೇನೂ ಇಲ್ಲ ಎಂದು ಅವನಿಗೆ ಗೊತ್ತಾಯಿತು. ಆದರೂ ಕೀಲಿಕೈ ತೆಗೆದು ಅವಳ ಮುಂದೆ ಹಿಡಿದ.

"ಬೇಡ," ಎಂದಳು. "ಅದು ಈಗ ನಾನು ಕಲಿತ ಗಾಡಿ ಅಲ್ಲ. ನೀವು ಮಾಡ್ಕೊಂಡ ಗಾಡಿ. ಚೆನ್ನಾಗಿದೆ, ಇಟ್ಕೊಳ್ಳಿ."

ಮುಂದಿನ ತಿಂಗಳು ಅವಳು ಬಸ್ ನಿಲ್ದಾಣದ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಹಳೇ ಲೈಸೆನ್ಸಿನ ಅವಧಿ ಯಾವತ್ತೋ ಮುಗಿದುಹೋಗಿತ್ತು, ಮೊದಲಿನಿಂದಲೇ ಶುರುಮಾಡಬೇಕಿತ್ತು. ನಾನೇ ಕಲಿಸುತ್ತೇನೆ ಎಂದು ಮೇಸ್ತ್ರಿ ಎರಡು ಸಲ ಹೇಳಿದ. ನೀವು ಪಕ್ಕದಲ್ಲಿ ಕೂತರೆ ನನಗೆ ಕೈ ಓಡುವುದಿಲ್ಲ ಎಂದಳು ಅವಳು, ಸಿಟ್ಟಿಲ್ಲದೆ, ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದು ಹೇಳುವಷ್ಟು ಸಹಜವಾಗಿ. ಒಂದು ಸಣ್ಣ ಕಾರು ನೋಡೋಣವೇ ಎಂದು ಕೇಳಿದ್ದಕ್ಕೆ, ಪಾಸಾದ ಮೇಲೆ ಮಗಳ ಜೊತೆ ಹೋಗಿ ತಾನೇ ನೋಡಿ ಆರಿಸುತ್ತೇನೆ ಎಂದಳು.

ಕೆಂಪು ಕಾರನ್ನು ಕೊಳ್ಳಲು ಇಬ್ಬರು ಬಂದು ಹೋದರು. ಮಾರಲು ಮನಸ್ಸು ಬರಲಿಲ್ಲ. ಓಡಿಸಲೂ ಮನಸ್ಸು ಬರಲಿಲ್ಲ. ಒಮ್ಮೆ ಮಾತ್ರ ಊರ ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ಮೂವತ್ತೇಳು ವರ್ಷ ಕಾದಿದ್ದ ಗಾಳಿ ಮುಖಕ್ಕೆ ಬಡಿದಾಗ ಕಣ್ಣಲ್ಲಿ ನೀರು ಬಂತು. ಪಕ್ಕದ ಸೀಟಿನ ಕಡೆ ನೋಡದೆ ಮನೆಗೆ ತಿರುಗಿಸಿದ. ಆಮೇಲೆ ಅದಕ್ಕೆ ಟಾರ್ಪಾಲು ಹೊದಿಸಿದ.

ಒಂದು ಬೆಳಿಗ್ಗೆ ನಟ್ಟು ಬೋಲ್ಟು ತರಲೆಂದು ಪೇಟೆಗೆ ಹೋಗಿದ್ದವನಿಗೆ ನಾಲ್ಕು ರಸ್ತೆ ಕೂಡುವಲ್ಲಿ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ಕಂಡಿತು. ಸ್ಟಿಯರಿಂಗ್ ಹಿಡಿದವಳು ಅವನ ಹೆಂಡತಿ. ಸಿಗ್ನಲ್ ಹಸಿರಾದ ಕೂಡಲೇ ಕಾರು ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಕ್ಲಚ್ ಬೇಗ ಬಿಟ್ಟಳು ಎಂದು ಮೇಸ್ತ್ರಿಗೆ ತಕ್ಷಣ ತಿಳಿಯಿತು, ಹೇಳಲು ಒಂದು ಹೆಜ್ಜೆ ಮುಂದಿಟ್ಟ. ಆದರೆ ಪಕ್ಕದಲ್ಲಿ ಕೂತಿದ್ದ ಕಲಿಸುವವನು ಏನೋ ಹೇಳಿ ನಕ್ಕ, ಅವಳೂ ನಕ್ಕಳು. ಮತ್ತೆ ಸ್ಟಾರ್ಟ್ ಮಾಡಿದಳು. ಕನ್ನಡಿಯಲ್ಲಿ ಹಿಂದೆ ನೋಡಿ, ಎಡಕ್ಕೆ ನೋಡಿ, ಅವನು ನಿಂತಿದ್ದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ, ಅಡ್ಡ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುಂದೆ ಹೋದಳು.

ಅವಳು ತನ್ನನ್ನು ಗುರುತಿಸಿದಳೋ ಇಲ್ಲವೋ ಮೇಸ್ತ್ರಿಗೆ ತಿಳಿಯಲಿಲ್ಲ. ಸಂಜೆ ಕೇಳಬೇಕೆಂದುಕೊಂಡ. ಆಮೇಲೆ ಕೇಳುವುದು ಬೇಡವೆನ್ನಿಸಿತು. ಬಿಳಿ ಕಾರು ಮಾರುಕಟ್ಟೆಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಕೊಳ್ಳಬೇಕಿದ್ದ ಸಾಮಾನು ಕೊಂಡು ಶೆಡ್ಡಿಗೆ ಹೊರಟ. ಅಲ್ಲಿ ಬಾಗಿಲಿಗೆ ಗುದ್ದಿಸಿಕೊಂಡ ಯಾರದೋ ಗಾಡಿ ಅವನಿಗಾಗಿ ಕಾಯುತ್ತಿತ್ತು.